ನಿಮ್ಮನ್ನ ಏನಂತ ಕರೀಲ್ರಿ?

ಹುಲಿಗಿಯಲ್ಲಿ ಅವತ್ತು ಹುಣ್ಣಿಮೆ. ಹೊಳೆಯಲ್ಲಿ ಮಿಂದು ಬಂದವರ ಸೀರೆಗಳು ಬಂಡೆಗಳ ಮೇಲೆ ಆರುತ್ತಿದ್ದವು. ಹುಲಿಗೆಮ್ಮನ ಗುಡಿಯ ಹೊರಗೆ ಚೌಡಿಕೆ ಹಿಡಿದು ಕುಳಿತಿದ್ದ ಜೋಗಮ್ಮನ ಮುಂದೆ ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ನಿಲ್ಲಿಸಿ, ‘ಯವ್ವಾ, ಇವಂಗೊಂದೀಟು ಭಂಡಾರ ಹಚ್ಚು, ಉಣ್ಣವಲ್ಲ’ ಎಂದರು. ಜೋಗಮ್ಮ ಹುಡುಗನ ಹಣೆಗೆ ಭಂಡಾರ ಹಚ್ಚಿ ತಲೆ ಮೇಲೆ ಕೈಯಿಟ್ಟರು. ಅಜ್ಜಿ ಬಾಗಿ ಅವರ ಕಾಲು ಮುಟ್ಟಿದರು. ಅರ್ಧ ಗಂಟೆಯ ಮೇಲೆ ಅದೇ ಜೋಗಮ್ಮ ಆಟೋ ನಿಲ್ಲುವ ಕಡೆಗೆ ನಡೆದುಬಂದರು. ಅಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬ ಪಕ್ಕದವನಿಗೆ ಮೊಳಕೈಯಿಂದ ತಿವಿದು, ‘ಬಂತ್ ನೋಡಲೇ’ ಎಂದ.

ಈ ಬರಹ ಆ ಒಂದು ‘ಬಂತ್’ ಕುರಿತು. ಅದರಲ್ಲಿ ಬೈಗುಳವಿಲ್ಲ, ಹೊಲಸು ಪದವಿಲ್ಲ. ಮಳೆ ಬಂತು, ಬಸ್ಸು ಬಂತು, ಎಮ್ಮೆ ಬಂತು ಎಂದು ದಿನವಿಡೀ ಅನ್ನುತ್ತೇವೆ. ಆದರೆ ಮನುಷ್ಯರು ಬಂದರೆ ಕನ್ನಡ ಹಾಗೆ ಹೇಳುವುದಿಲ್ಲ. ಗಂಡಸರು ಬಂದರೂ ಹೆಂಗಸರು ಬಂದರೂ ‘ಅವರು ಬಂದರು’. ದನಕರು ಬಂದರೆ ‘ಅವು ಬಂದವು’. ಹೆಣ್ಣು ಗಂಡಿನ ಗೆರೆಗಿಂತ ದಪ್ಪನೆಯ ಗೆರೆಯನ್ನು ನಮ್ಮ ಭಾಷೆ ಮನುಷ್ಯರಿಗೂ ಉಳಿದ ಎಲ್ಲದಕ್ಕೂ ನಡುವೆ ಎಳೆದಿದೆ. ಆ ಹುಡುಗ ಒಂದೇ ಕ್ರಿಯಾಪದದಲ್ಲಿ ಒಬ್ಬರನ್ನು ಆ ಗೆರೆಯಾಚೆ ದೂಡಿದ.

ಕೂಸಿಗೆ ‘ಅದು’ ಅನ್ನುತ್ತೇವಲ್ಲ, ಅದರಲ್ಲಿ ಅಕ್ಕರೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ನಿಜ. ‘ಕೂಸು ಮಲಗೇತಿ’ ಎನ್ನುವಾಗ ದನಿಯೇ ಮೆತ್ತಗಾಗುತ್ತದೆ. ಆದರೆ ಬೆಳೆದು ನಿಂತ, ದುಡಿದು ತಿನ್ನುವ ಒಬ್ಬರನ್ನು ‘ಅದು’ ಎನ್ನುವ ದನಿಯಲ್ಲಿ ಆ ಮೆತ್ತನೆ ಇರುವುದಿಲ್ಲ. ಅದು ಅನ್ನುವವರಿಗೂ ಗೊತ್ತು, ಅನ್ನಿಸಿಕೊಳ್ಳುವವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಕನ್ನಡ ಪಾಠ ಹೇಳಿಕೊಂಡೇ ಬದುಕಿದ ನನಗೆ ಈ ವಿಷಯದಲ್ಲಿ ಒಂದು ಸಮಾಧಾನವಿದೆ. ಮರ್ಯಾದೆಯಿಂದ ಮಾತಾಡಬೇಕೆಂದರೆ ನಾವು ಹೊಸ ಸರ್ವನಾಮ ಹುಟ್ಟಿಸಬೇಕಾಗಿಲ್ಲ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲೂ ಹೆಣ್ಣು ಗಂಡು ಆರಿಸಿಕೊಳ್ಳಬೇಕು: ‘ಜಾತಾ ಹೂಂ’, ‘ಜಾತೀ ಹೂಂ’. ಕನ್ನಡದಲ್ಲಿ ‘ನಾನು’, ‘ನೀನು’, ‘ನೀವು’ ಯಾರನ್ನೂ ಲಿಂಗ ಕೇಳುವುದಿಲ್ಲ, ಅವುಗಳ ಕ್ರಿಯಾಪದವೂ ಕೇಳುವುದಿಲ್ಲ. ಎದುರುಬದುರು ಮಾತಾಡುವಾಗ ತೊಡಕೇ ಇಲ್ಲ. ಇರುವುದೆಲ್ಲ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ, ಅದೂ ಏಕವಚನದಲ್ಲಿ: ‘ಅಂವ ಬಂದಾನ’, ‘ಅಕಿ ಬಂದಾಳ’, ‘ಅದು ಬಂದೈತಿ’. ಅಲ್ಲಿಯೂ ‘ಅವ್ರು ಬಂದಾರ’ ಎಂಬ ನಾಲ್ಕನೆಯ ದಾರಿ ಮೊದಲಿಂದಲೂ ತೆರೆದೇ ಇದೆ. ಇಂಗ್ಲಿಷಿನವರು ಒಬ್ಬರಿಗೂ ‘ದೇ’ ಬಳಸಬಹುದೇ ಎಂದು ಈಚೆಗೆ ಬಹಳ ಚರ್ಚಿಸಿದರು. ನಮ್ಮಲ್ಲಿ ಒಬ್ಬರನ್ನೇ ‘ಅವರು’ ಎನ್ನುವುದು ಅಜ್ಜ ಮುತ್ತಜ್ಜರ ಕಾಲದ ರೂಢಿ.

ಹಳೆಯ ವ್ಯಾಕರಣವೂ ನಾವು ಅಂದುಕೊಂಡಷ್ಟು ಬಿಗಿಯಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಮೂರಕ್ಕೇ ನಿಲ್ಲಿಸಲಿಲ್ಲ. ಸೂರ್ಯ ‘ಮೂಡಿದನು’ ಅಂದರೂ ಸರಿ, ‘ಮೂಡಿತು’ ಅಂದರೂ ಸರಿ. ‘ನಾನು’, ‘ನೀನು’, ‘ತಾನು’ ಇವು ವಾಚ್ಯಲಿಂಗ, ಅಂದರೆ ಯಾರನ್ನು ಹೇಳುತ್ತೇವೋ ಅವರ ಮೇಲೆ ಲಿಂಗ ನಿಲ್ಲುತ್ತದೆ. ಈ ಪಾಠ ಮಾಡುವ ಶಿಕ್ಷಕರಿಗೆ ಒಂದು ಮಾತು. ‘ನಪುಂಸಕಲಿಂಗ’ ಎಂಬ ಪದ ಕರಿಹಲಗೆಯ ಮೇಲೆ ಬಂದ ದಿನ ತರಗತಿಯಲ್ಲಿ ನಾಲ್ಕು ಕಣ್ಣು ಒಂದು ಮಗುವಿನ ಕಡೆ ತಿರುಗುತ್ತವೆ. ಮೆಲ್ಲಗೆ ನಡೆಯುವ ಹುಡುಗನೋ, ಗಟ್ಟಿ ದನಿಯ ಹುಡುಗಿಯೋ ಆ ಮಗು. ಪಾಠ ಶುರುವಾಗುವ ಮೊದಲೇ ‘ಇದು ಶಬ್ದಗಳಿಗೆ ಇಟ್ಟ ಹೆಸರು, ಕಲ್ಲು ಮರ ಎಮ್ಮೆಗಳಿಗೆ ಹೇಳುವ ಮಾತು, ಮನುಷ್ಯರಿಗೆ ಯಾರಿಗೂ ಇದು ಹೊಂದುವುದಿಲ್ಲ’ ಎಂದು ಹೇಳಿಬಿಡಿ. ಒಂದೇ ನಿಮಿಷದ ಕೆಲಸ. ಆ ನಿಮಿಷ ತಪ್ಪಿದರೆ ಆ ಮಗು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಪದ ಹೊತ್ತು ತಿರುಗಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಗುರುತಿಲ್ಲದವರು ಎದುರಾದಾಗ ‘ಅವರು’, ‘ನೀವು’, ಜೊತೆಗೆ ನಮ್ಮ ‘ರೀ’. ‘ಬರ್ರಿ’, ‘ಕುಂದರ್ರಿ’, ‘ಎಲ್ಲಿಂದ ಬಂದ್ರಿ?’ ಇಷ್ಟರಲ್ಲಿ ಒಂದು ಇಡೀ ಮಾತುಕತೆ ನಡೆದುಹೋಗುತ್ತದೆ, ಎದುರಿನವರು ಹೆಣ್ಣೋ ಗಂಡೋ ಎಂದು ಅಂದಾಜು ಹಾಕುವ ಪ್ರಸಂಗವೇ ಬರುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಹುಡುಗರು ‘ರೀ’ ಬಿಟ್ಟು ಬರುತ್ತಾರೆ ಎಂಬ ಕೊರಗು ನನಗೆ ಬೇರೆ ಇದೆ. ಈ ಒಂದಕ್ಷರದಷ್ಟು ಅಗಲವಾದ ಬಾಗಿಲು ನಮ್ಮ ಕಡೆಯ ಮಾತಿನಲ್ಲಿ ಇನ್ನೊಂದಿಲ್ಲ.

ಆದರೆ ‘ಅವರು’ ಅಂದ ಕೂಡಲೇ ಕೆಲಸ ಮುಗಿಯಲಿಲ್ಲ. ನನಗೇ ಆದದ್ದು ಹೇಳುತ್ತೇನೆ. ಒಂದು ಸಣ್ಣ ಸಭೆಯಲ್ಲಿ ಟ್ರಾನ್ಸ್ ಮಹಿಳೆಯೊಬ್ಬರನ್ನು ಪರಿಚಯ ಮಾಡಿಕೊಡುತ್ತಿದ್ದೆ. ‘ಇವ್ರು ದೂರದಿಂದ ಬಂದಾರ, ಚೌಡಿಕಿ ಪದ ಭಾಳ ಛಲೋ ಹಾಡ್ತಾನ’ ಎಂದುಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಅವರು ಮೆಲ್ಲಗೆ ಕೇಳಿದರು: ‘ಬಂದಾರ ಅಂದ್ರಿ, ಹಾಡ್ತಾನ ಅಂದ್ರಿ. ಬಂದಾಕಿ ಒಬ್ಬಾಕಿ, ಹಾಡೋನು ಇನ್ನೊಬ್ಬೇನ್ರಿ?’ ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸರ್ವನಾಮ ಹೇಳುವಾಗ ಎಚ್ಚರ ಇರುತ್ತದೆ, ವಾಕ್ಯ ಮುಗಿಯುವ ಹೊತ್ತಿಗೆ ಹಳೆಯ ರೂಢಿ ನಾಲಗೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಮದ್ದು ರೂಢಿಯೇ. ಮನೆಯಲ್ಲಿ ಒಬ್ಬರೇ ಇದ್ದಾಗ ಅಂಥ ಗೆಳತಿಯೊಬ್ಬರ ಬಗ್ಗೆ ನಾಲ್ಕು ವಾಕ್ಯ ಬಾಯಿ ಬಿಟ್ಟು ಹೇಳಿ ನೋಡಿ: ‘ಅಕಿ ನಿನ್ನೆ ಬಂದಿದ್ಲು, ಊಟ ಮಾಡಿದ್ಲು, ಸಂಜೀಕ ಹ್ವಾದ್ಲು.’ ನಾಲಗೆ ಕಲಿಯುತ್ತದೆ. ಮಾತಿನ ನಡುವೆ ತಪ್ಪಿದರೆ ‘ತಪ್ಪಾತ್ರಿ, ಹಾಡ್ತಾರ’ ಎಂದು ತಿದ್ದಿಕೊಂಡು ಮುಂದೆ ಹೋಗಿ. ಹತ್ತು ಸಲ ಕೈಮುಗಿದು ಕ್ಷಮೆ ಕೇಳುತ್ತಾ ನಿಂತರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆ ಮೇಲೆಯೇ ಬೀಳುತ್ತದೆ.

ಇನ್ನೊಂದು ದಾರಿ ಕನ್ನಡದ ಒಳಗೇ ಇದೆ. ‘ಬಂದಿಲ್ಲ’, ‘ಬರಬೇಕು’, ‘ಬರಬಹುದು’, ‘ಗೊತ್ತು’, ‘ಬೇಕು’, ‘ಬ್ಯಾಡ’ ಇವುಗಳಿಗೆ ಲಿಂಗವಿಲ್ಲ. ‘ಕಿರಣ ಇನ್ನೂ ಬಂದಿಲ್ಲ. ಕಿರಣಗ ಜ್ವರ ಬಂದೈತಂತ. ನಾಳೆ ಪರೀಕ್ಷಾ ಬರೀಬೇಕು.’ ಮೂರು ವಾಕ್ಯ ಆದವು, ಕಿರಣ ಹುಡುಗನೋ ಹುಡುಗಿಯೋ ಎಂದು ನಾವು ಹೇಳಲೇ ಇಲ್ಲ, ಕನ್ನಡ ಎಲ್ಲೂ ಮುಗ್ಗರಿಸಲಿಲ್ಲ. ತಾನು ಹೆಣ್ಣೂ ಅಲ್ಲ ಗಂಡೂ ಅಲ್ಲ ಎನ್ನುವ ಹರೆಯದವರು ಗಂಗಾವತಿಯ ಕಾಲೇಜಿನಲ್ಲೂ ಇರುತ್ತಾರೆ, ಕುಷ್ಟಗಿಯ ಹಾಸ್ಟೆಲಿನಲ್ಲೂ ಇರುತ್ತಾರೆ. ಅವರ ಬಗ್ಗೆ ಮಾತಾಡುವಾಗ ಹೆಸರನ್ನೇ ಮತ್ತೆ ಹೇಳಿ, ಇಂಥ ಕ್ರಿಯಾಪದ ಬಳಸಿ. ‘ಗೆಳೆಯ’, ‘ಗೆಳತಿ’ ಎಂದು ಸಿಕ್ಕಿಕೊಳ್ಳುವ ಬದಲು ‘ನಮ್ಮ ದೋಸ್ತು’ ಎನ್ನಬಹುದು.

‘ಅವರು’ ಎನ್ನುವುದು ಕೆಲವರಿಗೆ ದೂರದ ಮಾತಾಗಿ ಕೇಳುತ್ತದೆ ಎಂಬುದನ್ನೂ ಮರೆಯಬಾರದು. ಓಣಿಯ ಉಳಿದ ಹೆಂಗಸರನ್ನೆಲ್ಲ ‘ಯಕ್ಕಾ’, ‘ಯವ್ವಾ’, ‘ಚಿಗವ್ವಾ’ ಎಂದು ಕರೆದು ಒಬ್ಬರನ್ನು ಮಾತ್ರ ‘ಅವ್ರು’, ‘ಮೇಡಂ’ ಎಂದರೆ ಅದು ಅಂಗಳದಲ್ಲೇ ನಿಲ್ಲಿಸಿದ ಹಾಗೆ. ಹೆಣ್ಣಾಗಿ ಬದುಕಲು ಮನೆ ಮಠ ಬಿಟ್ಟವರಿಗೆ ‘ಯಕ್ಕಾ’ ಎಂಬ ಒಂದು ಕರೆಯ ಬೆಲೆ ಏನೆಂದು ಅವರೇ ಬಲ್ಲರು. ಅದಕ್ಕೇ ಕೇಳಬೇಕು. ಕೇಳುವುದಕ್ಕೆ ನಮ್ಮಲ್ಲಿ ಸರಳ ಮಾತಿದೆ: ‘ನಿಮ್ಮನ್ನ ಏನಂತ ಕರೀಲ್ರಿ?’ ಹೊಸ ಸೊಸೆಗೂ ಕೇಳುತ್ತೇವೆ, ಊರಿಗೆ ಬಂದ ಹೊಸ ಮಾಸ್ತರರಿಗೂ ಕೇಳುತ್ತೇವೆ. ಇದನ್ನು ಕೇಳಿದರೆ ಸಾಕು. ಮೊದಲಿನ ಹೆಸರು ಏನಿತ್ತು, ಆಪರೇಶನ್ ಆಗಿದೆಯೇ, ಮನೆಯವರು ಒಪ್ಪಿದರೇ, ಇವು ನಿಮಗೆ ಸಂಬಂಧಪಟ್ಟವಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಇನ್ನೊಬ್ಬರಿಗೆ ದಾಟಿಸಬೇಡಿ.

ಕುಷ್ಟಗಿ ಕಡೆಯ ತಾಯಿಯೊಬ್ಬರು ಓಣಿಯ ಕಟ್ಟೆಯಲ್ಲಿ ಮಾತಾಡಿದ್ದು ನೆನಪಾಗುತ್ತದೆ. ‘ನಮ್ಮ ಹುಡುಗ ಬೆಂಗಳೂರಾಗ ಅದಾನ್ರಿ. ಅಕಿ ಪಂಚಮಿಗೆ ಬಂದಿದ್ಲು’ ಎಂದರು, ಒಂದೇ ಉಸಿರಿನಲ್ಲಿ. ಕಟ್ಟೆಯ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯಾಕೆ ಶೇಂಗಾ ಸುಲಿಯುತ್ತಲೇ, ‘ಅಕಿಗೆ ದೀಪಾವಳಿಗೂ ರಜಾ ಕೊಡ್ತಾರೇನವ್ವ?’ ಎಂದು ಕೇಳಿದರು. ತಾಯಿಯ ಎರಡು ಮಾತಿನಲ್ಲಿ ಆ ಪಕ್ಕದ ಮನೆಯಾಕೆ ಎರಡನೆಯದನ್ನು ಆರಿಸಿಕೊಂಡರು. ತಾಯಿಯನ್ನು ಯಾರೂ ತಿದ್ದಲಿಲ್ಲ, ತಿದ್ದಲೂ ಬಾರದು. ಇಪ್ಪತ್ತು ವರ್ಷ ‘ಮಗನೇ’ ಎಂದ ಬಾಯಿ ಅದು. ಅದಕ್ಕೆ ಸಮಯ ಬೇಕು, ಜೊತೆಗೆ ಶೇಂಗಾ ಸುಲಿಯುವ ನೆರೆಯವರೂ ಬೇಕು.

ಜನರನ್ನು ಕರೆಯುವ ಹೆಸರುಗಳ ವಿಷಯಕ್ಕೆ ಬರೋಣ. ‘ಜೋಗಪ್ಪ’, ‘ಜೋಗಮ್ಮ’, ‘ಜೋಗತಿ’ ಎನ್ನುವುದು ಹುಲಿಗೆಮ್ಮ, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರಿಗೆ ಸಲ್ಲುವ ಹೆಸರು. ಅದರಲ್ಲಿ ದೇವಿಯ ಸಂಬಂಧವಿದೆ. ಸೀರೆ ಉಟ್ಟ ಎಲ್ಲರನ್ನೂ ಜೋಗಪ್ಪ ಎನ್ನುವುದು ತಪ್ಪು. ಹಾಗೆಯೇ ತಮ್ಮನ್ನು ಜೋಗಮ್ಮ ಎಂದುಕೊಳ್ಳುವವರ ಮೇಲೆ ‘ಟ್ರಾನ್ಸ್’ ಎಂಬ ಪದ ಹೇರುವುದೂ ಸರಿಯಲ್ಲ. ಪತ್ರಿಕೆಗಳಲ್ಲಿ ಬರುವ ‘ಮಂಗಳಮುಖಿ’ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ‘ತೃತೀಯಲಿಂಗಿ’ ಅಂದರೆ ಒಂದನೆಯವರು ಯಾರು, ಎರಡನೆಯವರು ಯಾರು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. ಸರ್ಕಾರದ ಕಾಗದಗಳಲ್ಲಿ ಈಗ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದಿದೆ. ಉದ್ದವಾಯಿತು, ಆದರೆ ಯಾರನ್ನೂ ಚುಚ್ಚುವುದಿಲ್ಲ. ಒಬ್ಬರ ಬಗ್ಗೆ ಹೇಳುವಾಗ ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ ಎಂದರೆ ಸ್ಪಷ್ಟ. ಬೀದಿಯಲ್ಲಿ ಕೂಗುವ ‘ಹೆಣ್ಣಿಗ’, ‘ಚಕ್ಕಾ’, ‘ಒಂಬತ್ತು’ ಇವನ್ನು ನಾವು ಬಿಡುವುದಷ್ಟೇ ಸಾಲದು. ಮಕ್ಕಳ ಬಾಯಲ್ಲಿ ಬಂದ ಕೂಡಲೇ ತಡೆಯಬೇಕು.

ಮಂಜಮ್ಮ ಜೋಗತಿ ನಮ್ಮ ಪಕ್ಕದವರು, ಹೊಳೆಯ ಆಚೆ ಮರಿಯಮ್ಮನಹಳ್ಳಿಯವರು. ಅವರನ್ನು ಜೋಗತಿ ಮಾಡಿದ್ದು ಇದೇ ಹುಲಿಗೆಮ್ಮನ ಸನ್ನಿಧಿ. ಕಾಳವ್ವ ಜೋಗತಿಯಿಂದ ಜೋಗತಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಮರುದಿನ ಎಲ್ಲ ಕಡೆ ‘ಮಂಜಮ್ಮ ಅವರು’, ‘ಮಂಜಮ್ಮನವರು’. ಓದಿ ಕಣ್ಣು ತುಂಬಿತು. ಭಿಕ್ಷೆ ಬೇಡಿ ಬದುಕಿದ ದಿನಗಳೂ ಆ ಜೀವಕ್ಕಿದ್ದವು. ಆ ದಿನಗಳಲ್ಲೇ ಈ ‘ಅವರು’ ಸಿಕ್ಕಿದ್ದರೆ ಎಷ್ಟು ನೋವು ತಪ್ಪುತ್ತಿತ್ತು ಎಂದು ಅವತ್ತೇ ಅನ್ನಿಸಿತು. ಅವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರು. ಜೇಡರ ದಾಸಿಮಯ್ಯನ ವಚನ ಬಲ್ಲವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಗಂಗಾವತಿ, ಕಾರಟಗಿ ಕಡೆಯ ಓದುಗರಿಗೆ ಒಂದು ಸೂಕ್ಷ್ಮ. ನೀರಾವರಿ ಬಂದ ಮೇಲೆ ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು ಮನೆಮಾತಿನವರಿದ್ದಾರೆ. ತೆಲುಗಿನಲ್ಲಿ ಒಬ್ಬ ಹೆಂಗಸು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಏಕವಚನದಲ್ಲಿ ಹೆಣ್ಣಿಗೆ ಬೇರೆ ಕ್ರಿಯಾರೂಪ ಅಲ್ಲಿಲ್ಲ. ಆ ರೂಢಿಯವರು ಕನ್ನಡದಲ್ಲಿ ಹೆಂಡತಿಯ ಬಗ್ಗೆಯೂ ‘ಊರಿಗೆ ಹೋಗೈತಿ’ ಎಂದರೆ ಅದರಲ್ಲಿ ಅವಮಾನವಿಲ್ಲ. ಸಿಟ್ಟಿಗೇಳುವ ಮೊದಲು ಯಾರು ಯಾವ ಮನೆಮಾತಿನಿಂದ ಬಂದರು ಎಂದು ನೋಡಿ.

ಕಾಗದಪತ್ರದ ಕಥೆ ಬೇರೆ, ಅಲ್ಲಿ ಹೆಸರು ಎಂದರೆ ಅಧಿಕಾರ. ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1919ರಲ್ಲಿ, ಫಸಲಿ 1329ರಲ್ಲಿ, ಒಂದು ಕಾನೂನು ತಂದು ಲಿಂಗತ್ವ ಅಲ್ಪಸಂಖ್ಯಾತರ ಹೆಸರು, ವಾಸದ ಜಾಗ ರಿಜಿಸ್ಟರಿನಲ್ಲಿ ಬರೆದಿಡಲು ಹೇಳಿತು. ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಕಾಣಿಸಿದರೆ, ಹಾಡಿ ಕುಣಿದರೆ ಹಿಡಿಯಬಹುದಿತ್ತು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಆ ಕಾನೂನನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಿದ್ದು 2023ರ ಜುಲೈನಲ್ಲಿ, ನೂರು ವರ್ಷ ದಾಟಿದ ಮೇಲೆ. ಅದಕ್ಕೂ ಮೊದಲು, 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಅವರವರದು ಎಂದು ತೀರ್ಪಿತ್ತಿತ್ತು. ಟ್ರಾನ್ಸ್ ಜನರ ಹಕ್ಕುಗಳ ರಕ್ಷಣೆಗಾಗಿ ಬಂದ 2019ರ ಕಾಯ್ದೆ ಗುರುತಿನ ಪ್ರಮಾಣಪತ್ರ ಕೊಡುವ ಕೆಲಸವನ್ನು ಜಿಲ್ಲಾಧಿಕಾರಿಗೆ ವಹಿಸಿತು. ನೌಕರಿಗಳಲ್ಲಿ ಶೇ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಕೊಟ್ಟಿತು. ಪಿಂಚಣಿಗೆ ‘ಮೈತ್ರಿ’ ಯೋಜನೆಯಿದೆ.

ಈ ಹಕ್ಕುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಕೌಂಟರಿನ ಮುಂದೆ. ಅರ್ಜಿ ತುಂಬಿಕೊಡುವ ಝೆರಾಕ್ಸ್ ಅಂಗಡಿಯವರು, ಗ್ರಾಮ ಪಂಚಾಯಿತಿಯ ಸಿಬ್ಬಂದಿ, ಆಸ್ಪತ್ರೆಯ ಚೀಟಿ ಬರೆಯುವವರು ನೆನಪಿಡಬೇಕಾದ್ದು ಹೆಚ್ಚಿಲ್ಲ. ಲಿಂಗದ ಕಲಮನ್ನು ಮುಖ ನೋಡಿ ತುಂಬಬೇಡಿ, ಕೇಳಿ ತುಂಬಿ. ದಾಖಲೆಯಲ್ಲಿ ಹಳೆಯ ಹೆಸರಿದ್ದರೆ ಅದನ್ನು ಸಾಲಿನ ಮುಂದೆ ಕೂಗಬೇಡಿ. ನಂಬರ್ ಕರೆಯಿರಿ, ಇಲ್ಲವೇ ಹತ್ತಿರ ಕರೆದು ತೋರಿಸಿ. ಸೀರೆ ಉಟ್ಟವರೊಬ್ಬರು ಗಂಡಸಿನ ಹೆಸರಿಗೆ ಎದ್ದು ಬರುವಾಗ ಇಡೀ ಸಾಲು ತಿರುಗಿ ನೋಡುವುದನ್ನು ನಾನು ನೋಡಿದ್ದೇನೆ. ಅವರು ಆ ಹತ್ತು ಹೆಜ್ಜೆ ನೆಲ ನೋಡುತ್ತಾ ನಡೆದರು.

ಹೆಂಗಸರ ಪಾಡೂ ಇದೇ ಕಲಮುಗಳಲ್ಲಿದೆ. ನಮ್ಮ ಕಡೆ ಗಂಡಸಿಗೆ ‘ಹನುಮಪ್ಪ ತಂದೆ ಬಸಪ್ಪ’ ಎಂದು ಬರೆದರೆ ಹೆಂಗಸಿಗೆ ‘ಲಕ್ಷ್ಮವ್ವ ಗಂಡ ಹನುಮಪ್ಪ’. ಗಂಡ ತೀರಿಕೊಂಡವರು, ಬಿಟ್ಟವರು, ಮದುವೆಯಾಗದವರು, ದೇವದಾಸಿ ತಾಯಂದಿರು, ಅವರ ಮಕ್ಕಳು ಆ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಡುತ್ತದೆ. ‘ತಂದೆ ಅಥವಾ ತಾಯಿ ಅಥವಾ ಪೋಷಕರು’ ಎಂದು ಅಚ್ಚು ಹಾಕಿಸಲು ಶಾಲೆಗೋ ಸಂಘಕ್ಕೋ ಹೆಚ್ಚು ಖರ್ಚು ಬರುವುದಿಲ್ಲ. ಸರ್ವನಾಮವೂ ಹಾಗೆಯೇ ಹಂಚಿಹೋಗಿದೆ. ಹೆಂಡತಿಗೆ ಗಂಡ ‘ಅವರು’, ಗಂಡನಿಗೆ ಹೆಂಡತಿ ‘ಅಕಿ’. ಸುದ್ದಿಯಲ್ಲಿ ಶಾಸಕರು ‘ಅವರು’, ಕೂಲಿ ಮಹಿಳೆ ‘ಆಕೆ’. ಎಪ್ಪತ್ತು ವರ್ಷದ ಆಳಿಗೆ ಏಳು ವರ್ಷದ ಗೌಡರ ಮೊಮ್ಮಗ ‘ಏ, ಬಾ ಇಲ್ಲಿ’ ಎನ್ನುತ್ತಾನೆ. ಏಕವಚನ ಯಾರಿಗೆ ಬೀಳುತ್ತದೆ ಎಂದು ಒಂದು ದಿನ ಎಣಿಸಿ ನೋಡಿ: ಜಾತಿ, ದುಡ್ಡು, ಹೆಣ್ಣುತನ ಎಲ್ಲ ಅಲ್ಲೇ ಕಾಣುತ್ತವೆ. ಪಂಚಾಯಿತಿಯಲ್ಲಿ ಅಧ್ಯಕ್ಷರು ಹೆಣ್ಣಾದರೂ ‘ಅಧ್ಯಕ್ಷರು’ ಎಂದರೆ ಸಾಕು, ‘ಅಧ್ಯಕ್ಷಿಣಿ’ ಬೇಡ. ಅವರ ಗಂಡನನ್ನು ‘ಅಧ್ಯಕ್ಷರೇ’ ಎಂದು ಕರೆಯುವುದಂತೂ ಬೇಡವೇ ಬೇಡ.

ಪ್ರತಿಭಟನೆಗೆ ಹೋದಾಗ ಅಧಿಕಾರಿಗೆ ಬಳೆ, ಸೀರೆ ಕೊಟ್ಟು ‘ಬಳಿ ಇಟ್ಕೊಂಡು ಕೂಡ್ರಿ’ ಎನ್ನುವ ಪದ್ಧತಿಯನ್ನೂ ಕೈಬಿಡೋಣ. ಗಂಗಾವತಿಯ ಗದ್ದೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ಭತ್ತ ನಾಟಿ ಹಚ್ಚುವ ಕೈಗಳ ತುಂಬ ಹಸಿರು ಬಳೆಗಳಿವೆ. ಆ ಕೈಗಳು ಯಾವತ್ತೂ ಸುಮ್ಮನೆ ಕೂತವಲ್ಲ.

ಹೋದ ಸಲ ಹುಲಿಗಿಯಿಂದ ಗಂಗಾವತಿಗೆ ಬರುವಾಗ ಬಸ್ಸು ಕಿಕ್ಕಿರಿದಿತ್ತು. ಪಡಲಿಗೆಯನ್ನು ಎದೆಗವಚಿಕೊಂಡು ಜೋಗಮ್ಮ ಒಬ್ಬರು ಕಂಬ ಹಿಡಿದು ನಿಂತಿದ್ದರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಂತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರ್ ಹತ್ತಿರ ಬಂದಾಗ ಆಕೆ ಗುರುತಿನ ಚೀಟಿ ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿದರು. ಆತ ಚೀಟಿ ನೋಡಿ ವಾಪಸ್ ಕೊಟ್ಟು, ‘ಎಲ್ಲಿಗ್ರಿ ಯಕ್ಕಾ?’ ಎಂದ. ‘ಗಂಗಾವತಿ.’ ಶೂನ್ಯದ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಕಿಟಕಿ ಪಕ್ಕದ ಅಜ್ಜಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಸರಿದು, ‘ಕುಂದ್ರವ್ವಾ, ಎಷ್ಟೊತ್ತು ನಿಂತಿ’ ಎಂದರು.